ನರ ಅಂದದ್ದು ನಾನೇ

‘ನರ’ ಎಂಬ ಮಾತು ಕಿವಿಗೆ ಬಿದ್ದರೆ ಈಗಲೂ ನನಗೆ ಮೈ ಉರಿಯುತ್ತದೆ. ನಮ್ಮ ಅಥಣಿ ಕಡೆ ಕೈಮೇಲೆ ಉಬ್ಬಿ ಕಾಣುವ ರಕ್ತನಾಳವೂ ನರ, ಮಿದುಳಿನಿಂದ ಹೊರಡುವುದೂ ನರ, ಮಾಂಸವನ್ನು ಎಲುಬಿಗೆ ಕಟ್ಟಿಹಾಕುವ ಹುರಿಯೂ ನರವೇ. ಇಪ್ಪತ್ತು ವರ್ಷ ದನದ ಡಾಕ್ಟರಾಗಿ ತಿರುಗಿದರೂ ಇವನ್ನು ಬಿಡಿಸಿ ಹೇಳುವ ಗೋಜಿಗೆ ನಾನು ಹೋಗಲಿಲ್ಲ.

ಕಳೆದ ಕಬ್ಬಿನ ಹಂಗಾಮಿನಲ್ಲಿ ಸತ್ತಿ ಊರಿನ ಹೆಣ್ಣುಮಗಳೊಬ್ಬಳು ಫೋನ್ ಮಾಡಿ ಕರೆಸಿದಳು. ಗಂಡ ತೀರಿಕೊಂಡ ಮೇಲೆ ತಾನೇ ಗಾಡಿ ಹೂಡಿ ಫ್ಯಾಕ್ಟರಿಗೆ ಕಬ್ಬು ಹೊಡೆಯುವವಳು. ಅವಳ ಜೋಡಿಯಲ್ಲಿ ಒಂದು ಎತ್ತು ಕುಂಟುತ್ತಿತ್ತು. ಮುಂಗಾಲಿನ ಹಿಂಬದಿಯ ಹುರಿ ಊದಿ ಬಿಸಿಯಾಗಿತ್ತು. ಹೆಜ್ಜೆ ಊರಿದಾಗ ಭಾರಕ್ಕೆ ಹಿಗ್ಗಿ, ಎತ್ತಿದಾಗ ಕುಗ್ಗಿ ಗೊರಸನ್ನು ಮೇಲೆಳೆಯುವುದು ಇದರ ಕೆಲಸ. ಅಲ್ಲಿ ರಕ್ತ ಕಡಿಮೆ, ಹರಿದರೆ ಕೂಡುವುದು ನಿಧಾನ.

ಇಷ್ಟೆಲ್ಲ ಹೇಳಬೇಕಿತ್ತು. ನಾನು ಬೈಕಿನ ಮೇಲೆ ಕೂತೇ ಹೇಳಿದ್ದು: “ನರ ಉಬ್ಬೈತ್ರಿ ಅಕ್ಕಾರ. ಮೂರು ತಿಂಗಳು ಗಾಡಿಗೆ ಹೂಡಬ್ಯಾಡ್ರಿ.”

ತಿಂಗಳು ಬಿಟ್ಟು ಹೋದರೆ ಆ ಕಾಲಿನ ಮೇಲೆ ನಾಲ್ಕು ಬರೆ! ಬೆರಳಿಟ್ಟು ನೋಡಿದೆ. ಒಳಗೆ ಸಲೀಸಾಗಿ ಜಾರಬೇಕಾದ ಹುರಿ ಸುಟ್ಟ ಚರ್ಮಕ್ಕೆ ಅಂಟಿ ಗಟ್ಟಿಯಾಗಿತ್ತು. ಎತ್ತು ಗೊರಸಿನ ತುದಿಯನ್ನಷ್ಟೇ ನೆಲಕ್ಕೆ ತಾಗಿಸುತ್ತಿತ್ತು. ಅದಿನ್ನು ಗಾಡಿ ಎಳೆಯುವ ಮಾತೇ ಇರಲಿಲ್ಲ.

“ಯಾರ್ರೀ ಈ ಘನಂದಾರಿ ಕೆಲಸ ಮಾಡಿದವರು? ಬುದ್ಧಿ ಐತೇನ್ರಿ ನಿಮಗ?” ಓಣಿಗೆಲ್ಲ ಕೇಳುವಂತೆ ಕೂಗಾಡಿದೆ. ಕಟ್ಟೆಯ ಮೇಲಿದ್ದ ಅವಳ ಮಾವ ತಲೆ ತಗ್ಗಿಸಿದ.

ಅವಳು ತಗ್ಗಿಸಲಿಲ್ಲ. “ನರ ಅಂದವರು ನೀವs ಅಲ್ಲೇನ್ರಿ ಸಾಹೇಬ್ರ? ನರ ಉಬ್ಬಿದ್ರ ನಮ್ಮಲ್ಲಿ ಬರೆ ಎಳೀತಾರ್ರಿ. ಮಾವಾರು ಎಳದಾರ. ಹೂಡಬ್ಯಾಡ ಅಂದ್ರಿ, ಒಂದಿನಾನೂ ಹೂಡಿಲ್ಲ. ಸುಡಬ್ಯಾಡ ಅಂತ ಎಲ್ಲಿ ಅಂದ್ರಿ?”

“ಅದು ಅಂಥಾ ನರ ಅಲ್ಲಬೇ!” ಎಂದೆ.

“ಮತ್ತೇನ್ರಿ ಅದು?”

ಕಾಲೇಜಿನಲ್ಲಿ ಕಲಿತ ‘ಸ್ನಾಯುರಜ್ಜು’ ಬಾಯಿಗೆ ಬಂತು, ನನಗೇ ಅಸಹ್ಯವಾಯಿತು. ಗೋಡೆಯ ಗೂಟಕ್ಕೆ ನೊಗ ಬಿಗಿಯುವ ಚರ್ಮದ ಮಿಣಿ ತೂಗುತ್ತಿತ್ತು. ಅದನ್ನೇ ತೋರಿಸಿದೆ. “ಹಂಗ ಒಂದು ಮಿಣಿ ಐತ್ರಿ ಕಾಲಾಗ. ಅದರ ಮ್ಯಾಲs ಎತ್ತು ನಡಿಯೂದು.”

ಅವಳು ಮಿಣಿಯನ್ನು ನೋಡಿದಳು, ಎತ್ತಿನ ಕಾಲನ್ನು ನೋಡಿದಳು. ಆಮೇಲೆ ನನ್ನನ್ನು.

“ಮಿಣಿ ಅಂದಿದ್ರ ಸುಡತಿದ್ದಿವೇನ್ರಿ?”