ಮದ್ದಿನ ಸಾಯ್ಬರು ನಮ್ಮ ಮನೆಗೆ ಬಂದ ಶುಕ್ರವಾರ

ಕಳೆದ ವಾರ ಇಲ್ಲೇ ದೋಹಾದಲ್ಲಿ ಕೆಮ್ಮಿನ ಸಿರಪ್ಪಿಗೆಂದು ಒಂದು ಫಾರ್ಮಸಿಗೆ ಹೋಗಿದ್ದೆ. ಕೌಂಟರಿನ ಪಕ್ಕದ ಬುಟ್ಟಿಯಲ್ಲಿ ಈಸ್ಟರ್ ಹಬ್ಬದ ಮಾರ್ಷ್‌ಮ್ಯಾಲೋ ಮಿಠಾಯಿ. ಹಳದಿ ಕೋಳಿಮರಿಗಳು ಸಾಲಾಗಿ ಒಂದಕ್ಕೊಂದು ಅಂಟಿಕೊಂಡು ಕೂತಿದ್ದವು. ಒಂದು ಪೊಟ್ಟಣ ಹರಿದಿತ್ತು. ಸಕ್ಕರೆಯ ವಾಸನೆ, ಅದರ ಹಿಂದೆಯೇ ಔಷಧಿ ಅಂಗಡಿಯ ಸ್ಪಿರಿಟ್ಟಿನ ವಾಸನೆ... ಎರಡೂ ಒಟ್ಟಿಗೆ ಮೂಗಿಗೆ ಬಡಿದು ಎಷ್ಟು ವರ್ಷವಾಗಿತ್ತೋ. ವಾಸನೆಯಿಂದ ಹಳೆಯದೆಲ್ಲ ಎದ್ದು ಬರುತ್ತದೆ ಎನ್ನುವವರ ಮಾತನ್ನು ನಾನು ನಂಬುವವಳಲ್ಲ. ಆದರೂ ಸಿರಪ್ಪಿನ ಹೆಸರು ಮರೆತು ನಿಂತೆ.

ನಾನು ಶಾಲೆಗೆ ಹೋಗುತ್ತಿದ್ದಾಗ ನಾವು ದೋಹಾದ ಅಬು ಹಮೂರಿನಲ್ಲಿದ್ದೆವು. ದೊಡ್ಡದೊಂದು ವಿಲ್ಲಾವನ್ನು ಪ್ಲೈವುಡ್ ಗೋಡೆ ಹಾಕಿ ಆರು ಸಂಸಾರಗಳಿಗೆ ಹಂಚಿದ್ದರು. ಮಹಡಿಯ ಎರಡು ಕೋಣೆ ನಮ್ಮದು. ಎದುರು ರಸ್ತೆಯ ಮೂಲೆಯಲ್ಲಿ ಒಂದು ಫಾರ್ಮಸಿ. ಅದನ್ನು ನೋಡಿಕೊಳ್ಳುತ್ತಿದ್ದವರು ಉಪ್ಪಿನಂಗಡಿ ಕಡೆಯ ಬ್ಯಾರಿ ಮುಸ್ಲಿಮರೊಬ್ಬರು, ಬಿಳಿ ಕೋಟು, ಹಣೆಯ ಮೇಲೇರಿಸಿದ ಕನ್ನಡಕ. ನನಗೆ ಅಂಕಲ್. ಅಜ್ಜಿಗೆ ಮದ್ದಿನ ಸಾಯ್ಬರು.

ಅಜ್ಜಿ, ಎಂದರೆ ಅಪ್ಪನ ಅಮ್ಮ, ಆ ವರ್ಷ ವಿಸಿಟ್ ವೀಸಾದಲ್ಲಿ ಬಂದಿದ್ದಳು. ಅಪ್ಪ ಅಮ್ಮ ಆಫೀಸಿಗೆ, ನಾನು ಶಾಲೆಗೆ. ನನ್ನ ತುಳು ಕೇಳಿದರೆ ಅವಳಿಗೆ ನಗು ಬರುತ್ತಿತ್ತು. ಹಾಗಾಗಿ ಮಂಡಿನೋವಿನ ನೆಪ ಹಿಡಿದು ರಸ್ತೆ ದಾಟಿ ಫಾರ್ಮಸಿಗೆ ಹೋಗುವಳು. ಮನೆಯ ಹೊರಗೆ ಇಡೀ ದೋಹಾದಲ್ಲಿ ಅವಳ ಜೊತೆ ತುಳುವಿನಲ್ಲಿ ಹರಟುತ್ತಿದ್ದವರು ಅವರೊಬ್ಬರೇ. ಓದಲು ಬಾರದವರ ಮದ್ದಿನ ಪೆಟ್ಟಿಗೆಯ ಮೇಲೆ ಅವರು ಪೆನ್ನಿನಲ್ಲಿ ಚಿತ್ರ ಬಿಡಿಸುತ್ತಿದ್ದರು: ಬೆಳಿಗ್ಗೆಗೆ ಸೂರ್ಯ, ರಾತ್ರಿಗೆ ಚಂದ್ರ. ಅಜ್ಜಿಯ ಪೆಟ್ಟಿಗೆಯ ಸೂರ್ಯನಿಗೆ ಮೀಸೆಯೂ ಇರುತ್ತಿತ್ತು.

ನಾನು ಎಂಟನೇ ತರಗತಿ, ಶಾಲೆಯ ಡಿಬೇಟ್ ತಂಡದಲ್ಲಿದ್ದೆ. ಯಾವ ವಿಷಯಕ್ಕಾದರೂ ಪರ, ವಿರೋಧ ಎರಡನ್ನೂ ಮೂರು ಮೂರು ನಿಮಿಷ ಮಾತಾಡಬಲ್ಲೆ ಎಂಬ ಜಂಬ. ಈಸ್ಟರಿಗೆ ಮೊದಲು ಒಂದು ಶುಕ್ರವಾರ ಬೆಳಿಗ್ಗೆ ಅಂಗಡಿಗೆ ಹೋದೆ. ಇಲ್ಲಿ ವಾರದ ರಜೆ ಶುಕ್ರವಾರ; ಹತ್ತಿರದ ಚರ್ಚಿಗೆ ಜನ ಬರುವುದೂ ಆ ದಿನವೇ. ಪೂಜೆ ಮುಗಿಸಿದವರು ನೀರಿಗೋ ತಲೆನೋವಿನ ಮಾತ್ರೆಗೋ ಅಲ್ಲಿ ಸಾಲು ನಿಲ್ಲುತ್ತಿದ್ದರು. ಅವರ ಮಕ್ಕಳಿಗೆಂದೇ ಕೌಂಟರಿನ ಮೇಲೆ ಈ ಹಳದಿ ಮರಿಗಳು ವರ್ಷಕ್ಕೊಮ್ಮೆ ಬರುತ್ತಿದ್ದವು. ನಾನೂ ಒಂದು ಪೊಟ್ಟಣ ಎತ್ತಿ ಮುಂದಿಟ್ಟೆ.

“ಅದು ಬೇಡ ಮಗಾ. ಹಿಂದೆ ಬರೆದದ್ದು ಓದು. ಜೆಲಾಟಿನ್ ಉಂಟು, ದನದ್ದು. ನಿಮ್ಮಲ್ಲಿ ಆಗುವುದಿಲ್ಲ.”

ಈ ದೇಶದ ಅಂಗಡಿಗಳಲ್ಲಿ ಹಂದಿಯದ್ದು ಮಾರುವ ಹಾಗಿಲ್ಲ. ಹಾಗಾಗಿ ಈ ಮಿಠಾಯಿಯ ಜೆಲಾಟಿನ್ ದನದ ಚರ್ಮ, ಎಲುಬಿನದು. ಅವರಿಗೆ ಆಗುತ್ತದೆ ಎಂದು ಹೇಳುವ ಹಲಾಲ್ ಮುದ್ರೆಯೇ ನಮಗೆ ಆಗುವುದಿಲ್ಲ ಎಂದೂ ಹೇಳುತ್ತಿತ್ತು. ನಮ್ಮ ಮನೆಯಲ್ಲಿ ಮೀನು, ಕೋಳಿ ಎಲ್ಲ ನಡೆಯುತ್ತಿತ್ತು. ಅದೊಂದು ಮಾತ್ರ ಇಲ್ಲ.

“ನಾನು ಅದನ್ನೆಲ್ಲ ನಂಬುವುದಿಲ್ಲ ಅಂಕಲ್.”

“ನೀನು ನಂಬಬೇಡ. ನಿನ್ನ ಅಜ್ಜಿ ನಂಬ್ತಾರಲ್ಲ? ನಾಳೆ ಅವರು ನನ್ನ ಮುಖ ನೋಡ್ಬೇಕಲ್ಲ?”

ಬಿಡುವವಳೇ ನಾನು? “ಹಾಗಾದ್ರೆ ಅಜ್ಜಿಯ ಮಂಡಿಗೆ ಕೊಡ್ತೀರಲ್ಲ, ಆ ಕ್ಯಾಪ್ಸೂಲಿನ ಹೊರಗಿನದ್ದು ಎಂತದ್ದು? ಅದೂ ಜೆಲಾಟಿನ್. ನಮ್ಮ ಮಿಸ್ ಹೇಳಿದ್ದಾರೆ.”

“ಅದು ಮದ್ದಲ್ವಾ...”

“ಮದ್ದಿಗೆ ಹಾಕಿದ್ರೆ ದನ ಅಲ್ವಾ?”

“ಎಂತ ಮಾರಾಯ್ತಿ ನೀನು!” ಎಂದು ನಕ್ಕರು. ನಗು ಅರ್ಧಕ್ಕೇ ನಿಂತಿತು. ನನ್ನ ಹಿಂದೆ ನಿಂತಿದ್ದ ಫಿಲಿಪಿನೋ ಹೆಂಗಸಿಗೆ ನಮ್ಮ ಮಾತು ಒಂದಕ್ಷರವೂ ತಿಳಿದಿರಲಿಲ್ಲ. ಮಗುವಿಗೆ ಮಿಠಾಯಿ ಕೊಡುತ್ತಿಲ್ಲ ಎಂಬಷ್ಟು ತಿಳಿದಿತ್ತು. “ಪ್ಲೀಸ್ ಸರ್, ಓನ್ಲಿ ಒನ್!” ಎನ್ನುತ್ತ ತಾನು ಕೊಂಡ ಪೊಟ್ಟಣ ಹರಿದು ಒಂದು ಮರಿಯನ್ನು ನನ್ನ ಕೈಗಿಟ್ಟಳು. ಅವರು ತಡೆಯಲಿಲ್ಲ. ಅವರ ಗಮನ ಆಗಲೇ ಬೇರೆಲ್ಲೋ ಇತ್ತು.

ಹೊರಗೆ ಬಂದು ಮರಿಯ ತಲೆಯಿಂದಲೇ ತಿನ್ನಲು ಶುರುಮಾಡಿದೆ. ಮೊದಲು ಹಲ್ಲಿಗೆ ಸಕ್ಕರೆಯ ಹರಳು, ಆಮೇಲೆ ಸ್ಪಂಜು, ಆಮೇಲೆ ಏನೂ ಇಲ್ಲ. ನಾಲಿಗೆಗೆ ಒಂದಿಷ್ಟು ಹಳದಿ ಬಣ್ಣ ಅಂಟಿತು, ಅಷ್ಟೆ. ಇದಕ್ಕಾಗಿಯೇ ಇಷ್ಟು ವಾದಿಸಿದೆನೇ ಎನ್ನಿಸಿತು. ತಿರುಗಿ ನೋಡಿದರೆ ಗಾಜಿನಾಚೆ ಅವರು ಕಪಾಟಿನಿಂದ ಕ್ಯಾಪ್ಸೂಲಿನ ಪೆಟ್ಟಿಗೆಗಳನ್ನು ಒಂದೊಂದಾಗಿ ಇಳಿಸುತ್ತಿದ್ದರು. ಕನ್ನಡಕ ಮೂಗಿಗೆ ಬಂದಿತ್ತು. ಸಾಲಿನಲ್ಲಿದ್ದವರು ಕಾಯುತ್ತಿದ್ದರು.

ಆ ಸಂಜೆ, ಅಸರ್ ನಮಾಜು ಮುಗಿಸಿ, ಅವರು ಮೊದಲ ಸಲ ನಮ್ಮ ಮನೆಗೆ ಬಂದರು. ಬಾಗಿಲಲ್ಲೇ ಅಪ್ಪನಿಗೆ ವಿಷಯ ಹೇಳಿದರು. ಕೈಯಲ್ಲಿ ಒಂದು ಪೆಟ್ಟಿಗೆ. ಅದೇ ಮದ್ದು, ಕ್ಯಾಪ್ಸೂಲ್ ಬದಲು ಮಾತ್ರೆ. ಆ ವರ್ಷಗಳಲ್ಲಿ ಊರಿಂದ ಬರುತ್ತಿದ್ದ ಫೋನುಗಳಲ್ಲಿ ದನದ ಹೆಸರಿನ ಹೊಡೆದಾಟದ ಸುದ್ದಿ ಇದ್ದೇ ಇರುತ್ತಿತ್ತು. ಒಬ್ಬ ಬ್ಯಾರಿ, ನಮ್ಮಂಥ ಬಂಟರ ಮನೆ ಬಾಗಿಲಿಗೆ ತಾನಾಗಿ ಬಂದು ಇಂಥ ಮಾತು ಆಡುವುದೆಂದರೇನೆಂದು ಅಪ್ಪನಿಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು.

“ಬಿಡಿ ಮಾರಾಯ್ರೆ, ಖಲಾಸ್,” ಎಂದು ಅಪ್ಪ ದನಿ ತಗ್ಗಿಸಿದರು. “ಮಾತ್ರೆ ತಂದಿದ್ದೀರಲ್ಲ, ಸಾಕು. ಅಮ್ಮನಿಗೆ ಹೇಳುವುದು ಬೇಡ.”

“ತಿಂದದ್ದು ಅವರು ಶೆಟ್ರೇ. ಗೊತ್ತಾಗ್ಬೇಕಾದ್ದೂ ಅವರಿಗೆ.”

ಒಳಗೆ ಬಂದವರು ಕುಳಿತುಕೊಳ್ಳಲಿಲ್ಲ. ನಿಂತೇ, ತುಳುವಿನಲ್ಲಿ, ಸುತ್ತುಬಳಸದೆ ಅಜ್ಜಿಗೆ ಎಲ್ಲವನ್ನೂ ಹೇಳಿದರು. ಎರಡು ತಿಂಗಳಿಂದ ಅವಳು ನುಂಗುತ್ತಿದ್ದುದರ ಹೊರಪದರ ಯಾವುದರದ್ದೆಂದು ಹೇಳಿದರು. ನನ್ನ ಹೆಸರು ತೆಗೆಯಲಿಲ್ಲ. ಅಜ್ಜಿ ಒಂದೇ ಪ್ರಶ್ನೆ ಕೇಳಿದಳು.

“ಕೊಡುವಾಗ ನಿಮಗೆ ಗೊತ್ತಿತ್ತಾ?”

ನೋಡಿ, ಇಲ್ಲಿ ತಪ್ಪಿಸಿಕೊಳ್ಳಲು ನಾಲ್ಕು ದಾರಿಗಳಿದ್ದವು. ಕಂಪನಿಯವರು ಬರೆದಿರಲಿಲ್ಲ ಎನ್ನಬಹುದಿತ್ತು. ಡಾಕ್ಟರು ಬರೆದದ್ದನ್ನು ಕೊಟ್ಟೆ ಎನ್ನಬಹುದಿತ್ತು. ನಾನು ಅವರ ಜಾಗದಲ್ಲಿ ನಿಂತು ಆಗಲೇ ಇನ್ನೆರಡನ್ನು ಸಿದ್ಧಮಾಡಿಕೊಂಡಿದ್ದೆ.

“ಗೊತ್ತಿತ್ತು ಅಮ್ಮಾ,” ಎಂದರು. “ಮದ್ದು ಅಂತ ಕೊಟ್ಟೆ. ನಿಮ್ಮ ಬಗ್ಗೆ ಯೋಚಿಸ್ಲಿಲ್ಲ.”

ಅಜ್ಜಿ ಎದ್ದು ಒಳಗೆ ಹೋದಳು. ಬಚ್ಚಲಿನ ನಲ್ಲಿಯ ಸದ್ದು ಕೇಳಿಸಿತು; ತಲೆಗೆ ಸ್ನಾನ ಮಾಡುತ್ತಿದ್ದಳು. ಅಮ್ಮ ತಂದ ಚಹಾ ಹಾಗೇ ಇತ್ತು. ಅವರು ಪೆಟ್ಟಿಗೆಯನ್ನು ಟೀಪಾಯಿಯ ಮೇಲಿಟ್ಟು ಇಳಿದು ಹೋದರು.

ಒಂದು ವಾರ ಕಳೆಯಿತು. ಅಜ್ಜಿ ರಸ್ತೆ ದಾಟಲಿಲ್ಲ. ಮಾತ್ರೆಯನ್ನೂ ಮುಟ್ಟಲಿಲ್ಲ. ಮಂಡಿ ಹಿಡಿದುಕೊಂಡು ಕಿಟಕಿಯ ಬಳಿ ಕೂರುವಳು. ಗೆದ್ದವಳು ನಾನು ತಾನೇ? ಮನೆಯಲ್ಲಿ ಮುಖ ಎತ್ತಿ ಓಡಾಡಲಾಗುತ್ತಿರಲಿಲ್ಲ.

ಅದರಾಚೆಯ ಶನಿವಾರವೋ ಭಾನುವಾರವೋ ಇರಬೇಕು... ಅಜ್ಜಿ ಮನೆಯಲ್ಲಿದ್ದ ಮದ್ದನ್ನೆಲ್ಲ, ಊರಿಂದ ತಂದ ಬಿ.ಪಿ. ಮಾತ್ರೆ, ಅಪ್ಪನ ಗ್ಯಾಸಿನ ಮದ್ದು, ನನ್ನ ವಿಟಮಿನ್, ಒಂದು ಪ್ಲಾಸ್ಟಿಕ್ ಚೀಲಕ್ಕೆ ತುಂಬಿ, “ನಡಿ” ಎಂದಳು. ಫಾರ್ಮಸಿಯ ಕೌಂಟರಿನ ಮೇಲೆ ಚೀಲವನ್ನು ಬೋರಲು ಹಾಕಿದಳು.

“ಯಾವುದು ಆಗ್ತದೆ, ಯಾವುದು ಆಗುವುದಿಲ್ಲ, ನೀವೇ ನೋಡಿ ಹೇಳಿ. ಬೇರೆಯವರು ನನಗೆ ಸತ್ಯ ಹೇಳುವುದಿಲ್ಲ.”

ಅವರು ಒಂದೊಂದನ್ನೇ ಓದಿ ಮೂರು ಗುಂಪು ಮಾಡಿದರು. ಆಗುವುದು, ಆಗದ್ದು. ಮೂರನೆಯದೇ ಎಲ್ಲಕ್ಕಿಂತ ದೊಡ್ಡದು. “ಇದು ನನಗೆ ಗೊತ್ತಿಲ್ಲ ಅಮ್ಮಾ. ಕೇಳಿ ಹೇಳ್ತೇನೆ.” ಅಷ್ಟು ಓದಿದ ಮನುಷ್ಯ ಅಷ್ಟು ಸಲ ‘ಗೊತ್ತಿಲ್ಲ’ ಎಂದದ್ದನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ. ನಮ್ಮ ಡಿಬೇಟಿನಲ್ಲಿ ಆ ಮಾತಿಗೆ ಅಂಕ ಇಲ್ಲ. ತಾನು ಸೋತ ವಾದವನ್ನು ನಮ್ಮ ಮಹಡಿಗೆ ಹೊತ್ತು ತಂದು, ತನಗೇ ನಷ್ಟವಾಗುವ ಕಡೆ ಒಪ್ಪಿಕೊಂಡು ಹೋದ ಇನ್ನೊಬ್ಬರನ್ನು ನಾನು ಆಮೇಲೂ ಕಂಡಿಲ್ಲ.

ವೀಸಾ ಮುಗಿದು ಅಜ್ಜಿ ಊರಿಗೆ ಹೋದಳು. ಕೆಲವು ವರ್ಷಗಳ ಬಳಿಕ ಅವರೂ ನಿವೃತ್ತರಾಗಿ ಉಪ್ಪಿನಂಗಡಿಗೆ ಮರಳಿದರು. ಹೊಸ ಮದ್ದು ಬಂದಾಗೆಲ್ಲ ಅಜ್ಜಿ ಅವರಿಗೆ ಫೋನ್ ಮಾಡಿಸುತ್ತಿದ್ದಳು. ಕೊನೆಯ ಸಲ ಊರಿನ ಆಸ್ಪತ್ರೆಯಲ್ಲಿ ಮಲಗಿದ್ದಾಗ ನಾನು ಜೊತೆಗಿದ್ದೆ; ನರ್ಸ್ ಒಂದು ದಪ್ಪ ಕ್ಯಾಪ್ಸೂಲ್ ತಂದಳು. ಅಜ್ಜಿ ಬಾಯಿ ತೆರೆಯಲಿಲ್ಲ. “ಸಾಯ್ಬರನ್ನು ಕೇಳು” ಎಂದಳು ನನಗೆ. ವೆರಾಂಡಕ್ಕೆ ಹೋಗಿ ಫೋನ್ ಮಾಡಿದೆ. ಅವರ ಮಗ ಎತ್ತಿಕೊಂಡ. “ಬಾಪ ಹೋಗಿ ತಿಂಗಳಾಯ್ತಲ್ಲ ಅಕ್ಕ... ನಿಮಗೆ ಯಾರೂ ಹೇಳ್ಲಿಲ್ವಾ?”

ಒಳಗೆ ಬಂದೆ. “ಕೇಳಿದೆ ಅಜ್ಜಿ. ಆಗ್ತದಂತೆ.”

ಅಜ್ಜಿ ಬಾಯಿ ತೆರೆದು ನುಂಗಿದಳು.

ಸಿರಪ್ಪಿನ ಹೆಸರು ಕೊನೆಗೂ ನೆನಪಾಯಿತು, ಕೊಂಡು ಬಂದೆ. ಆಸ್ಪತ್ರೆಯ ಆ ದಿನದ ಮಾತಿಗೆ ನನ್ನಲ್ಲಿ ಒಳ್ಳೆಯ ಸಮರ್ಥನೆಗಳಿವೆ. ಜ್ವರ ಏರುತ್ತಿತ್ತು, ಡಾಕ್ಟರು ಅವಸರಿಸುತ್ತಿದ್ದರು. ಯಾವ ತೀರ್ಪುಗಾರರ ಮುಂದೆಯೂ ಗೆಲ್ಲಬಲ್ಲೆ. ಆದರೆ ಅಜ್ಜಿ ನುಂಗಿದ್ದು ನನ್ನನ್ನು ನಂಬಿ ಅಲ್ಲ, ಸಾಯ್ಬರನ್ನು ನಂಬಿ. ಬದುಕಿದ್ದಷ್ಟು ದಿನ ಅವರು ಅವಳಿಗೆ ಒಂದೂ ಸುಳ್ಳು ಹೇಳಲಿಲ್ಲ; ಅವರು ಸತ್ತ ಮೇಲೆ, ಅವರ ಹೆಸರಿನಲ್ಲಿ ಒಂದನ್ನು ನಾನು ಹೇಳಿದೆ. ಒಪ್ಪಿಕೊಳ್ಳೋಣವೆಂದರೆ ಈಗ ಅವಳೂ ಇಲ್ಲ, ಅವರೂ ಇಲ್ಲ.