ನರ್ಸಬಾಯಿಯ ‘ಬೇಕಾಗಿತ್ತು’

ಕಮಲಾಪುರದಲ್ಲಿ ಡೇನಿಷ್ ವ್ಯಾಕರಣ ಓದಿದವಳು ನಾನೊಬ್ಬಳೇ ಎಂದು ಎದೆ ತಟ್ಟಿಕೊಂಡು ಹೇಳುತ್ತೇನೆ. ಇನ್ನೊಬ್ಬರಿದ್ದರೆ ಮುಂದೆ ಬರಲಿ. ಡೆನ್ಮಾರ್ಕ್ ಎಂಬುದು ಎಲ್ಲಿದೆ ಎಂದು ಆಗ ನನಗೂ ಗೊತ್ತಿರಲಿಲ್ಲ, ಅದು ಬೇರೆ ಮಾತು.

ನಿಜಾಮನ ಆಳ್ವಿಕೆ ಕೊನೆಗಾಣಿಸಿದ ಪೊಲೀಸ್ ಕಾರ್ಯಾಚರಣೆ ಮುಗಿದ ಮರುವರ್ಷ. ಅದಕ್ಕೂ ಮುಂಚಿನ ರಜಾಕಾರರ ಗಲಾಟೆಯಲ್ಲಿ ಅಪ್ಪ ಹೆದರಿ ನನ್ನ ಶಾಲೆ ಬಿಡಿಸಿ ಊರಿಗೆ ಕರೆತಂದಿದ್ದ. ಕಲಬುರಗಿಯ ಜಗತ್ ಬಡಾವಣೆಯಲ್ಲಿ ಸೋದರತ್ತೆಯ ಮನೆಯಲ್ಲಿದ್ದು ಉರ್ದುವಿನಲ್ಲಿ ಪಾಠ ಒಪ್ಪಿಸುತ್ತಿದ್ದವಳು, ಈಗ ನಮ್ಮ ಕೆಂಪು ಬಾಳೆಯ ತೋಟಕ್ಕೆ ಬುತ್ತಿ ಹೊರುತ್ತಿದ್ದೆ. ಅಷ್ಟರಲ್ಲಿ ಡೆನ್ಮಾರ್ಕಿನ ನರ್ಸ್ ಒಬ್ಬರು ಊರಿಗೆ ಬಂದು ಹೆಂಗಸರಿಗೆಂದು ಸಣ್ಣ ದವಾಖಾನೆ ತೆರೆದರು. ಸಹಾಯಕ್ಕೆ ಓದುಬರಹ ಬಲ್ಲ ಹುಡುಗಿಯೊಬ್ಬಳನ್ನು ಹುಡುಕುತ್ತಿದ್ದರು. ನಾನು ಮೂರು ದಿನ ಊಟ ಬಿಟ್ಟು ಅಪ್ಪನನ್ನು ಒಪ್ಪಿಸಿದೆ.

“ದವಾಖಾನಿ ನಡಿಯೂತನ ಹೋಗು. ಮುಚ್ಚಿತಂದ್ರ ಲಗ್ನ,” ಎಂದ ಅಪ್ಪ. ವರನನ್ನು ಆಗಲೇ ನೋಡಿಟ್ಟಿದ್ದ. ನನಗೋ ಕಲಬುರಗಿಗೆ ಹೋಗಿ ತರಬೇತಿ ಪಡೆದು ನರ್ಸ್ ಆಗುವ ಹುಚ್ಚು.

ದವಾಖಾನೆಯೋ, ತೆರೆದ ತಿಂಗಳಿಗೇ ಮುಚ್ಚುವ ಲಕ್ಷಣ ತೋರಿಸಿತು. ಬಂದ ಹೆಂಗಸರು ಮತ್ತೆ ಬರುತ್ತಿರಲಿಲ್ಲ. ನಮ್ಮ ಓಣಿಯ ಮುದುಕಿ ಆಯಿಯೊಬ್ಬಳು ಮೈಸುಡುವ ಜ್ವರದಲ್ಲಿ ಬಂದು, “ಜ್ವರದ ಔಷಧ ಬೇಕಾಗಿತ್ತುರಿ,” ಎಂದಿದ್ದಳು. ನರ್ಸಬಾಯಿ ಕನ್ನಡ ಕಲಿತದ್ದು ಪುಸ್ತಕದಿಂದ. ಬೇಕಾಗಿತ್ತು, ಅಂದರೆ ಹಿಂದೆ ಬೇಕಾಗಿತ್ತು, ಈಗ ಬೇಡ. “ಈಗ ಆರಾಮ?” ಎಂದು ಕೇಳಿದರು. ಆರಾಮ ಅದೀರೇನು ಎಂದು ಯಾರಾದರೂ ಕೇಳಿದರೆ ನಮ್ಮ ಕಡೆಯವರು ಸಾಯುತ್ತಿದ್ದರೂ ಆರಾಮ ಎನ್ನುವವರೇ. ಆಯಿಯೂ “ಆರಾಮ್ರಿ,” ಎಂದಳು. “ಸಂತೋಷ. ಹೋಗು,” ಎಂದರು ನರ್ಸಬಾಯಿ. ಆ ‘ಹೋಗು’ ಎಂಬ ಮಾತು ಸಂಜೆಯೊಳಗೆ ಊರೆಲ್ಲ ಸುತ್ತಿತು. ನಾನು ಆಗ ಹಿತ್ತಲಲ್ಲಿ ಬಾಟಲಿ ತೊಳೆಯುತ್ತಿದ್ದೆ. ನನ್ನ ಕಿವಿಗೆ ಬಿದ್ದದ್ದು ಕೊನೆಯ ಆ ಒಂದು ಮಾತಷ್ಟೇ. ಎಷ್ಟು ಸೊಕ್ಕು ಈಕೆಗೆ ಎಂದು ನಾನೂ ಒಳಗೊಳಗೇ ಉರಿದೆ.

ರೋಗಿಗಳಿಲ್ಲದೆ ನೊಣ ಹೊಡೆಯುತ್ತ ಕೂತಿದ್ದ ಮಧ್ಯಾಹ್ನಗಳಲ್ಲಿ ನರ್ಸಬಾಯಿ ನನಗೆ ತಮ್ಮ ಭಾಷೆ ಕಲಿಸತೊಡಗಿದರು. ‘ಗಿದ್’ ಎಂದರೆ ಹಾಗಾಗಬಾರದೇ ಎಂಬ ಹಂಬಲ. ಉರ್ದುವಿನ ‘ಕಾಶ್’ ಗೊತ್ತಿದ್ದ ನನಗೆ ಅದು ಸಲೀಸಾಯಿತು. ‘ವಿಸ್ ಯೈ ವಾರ್’ ಎಂದರೆ ನಾನು ಆಗಿದ್ದರೆ. ಆಗಿಲ್ಲ, ಆದರೂ ಆಗಿದ್ದರೆ. ಇಲ್ಲದ್ದನ್ನು ಹೇಳಲು ಅವರು ಕ್ರಿಯಾಪದವನ್ನು ಭೂತಕಾಲಕ್ಕೆ ತಳ್ಳುತ್ತಾರೆ. ನಾವೂ ಅಷ್ಟೇ. ‘ದಯವಿಟ್ಟು’ ಎನ್ನುವುದಕ್ಕೆ ಡೇನಿಷ್‌ನಲ್ಲಿ ಸರಿಯಾದ ಪದವೇ ಇಲ್ಲವಂತೆ. ನಮ್ಮಲ್ಲಿ ಇದೆ, ಪುಸ್ತಕದಲ್ಲಿ. ಯಾರ ಬಾಯಲ್ಲಿದೆ?

“ಹಂಗಾರ ಚಾ ಹೆಂಗ ಕೇಳ್ತೀರಿ?” ಎಂದೆ.

“ಯೈ ವಿಲ್ಲೆ ಗೆರ್ನೆ ಹಾ...” ಎಂದು ತೋರಿಸಿ, ‘ವಿಲ್ಲೆ’ ಎಂದರೆ ಬಯಸಿದ್ದೆ, ಭೂತಕಾಲ ಎಂದು ಬಿಡಿಸಿ ಹೇಳಿದರು.

“ಅಂದ್ರ ಚಾ ನಿನ್ನಿ ಬೇಕಾಗಿತ್ತೇನ್ರಿ?”

“ಇಲ್ಲ, ಈಗ. ಭೂತಕಾಲ ಮರ್ಯಾದೆಗಾಗಿ.”

ನಾನು ಕೂತಲ್ಲಿಂದ ಎದ್ದೇಬಿಟ್ಟೆ. ನಮ್ಮ ‘ಬೇಕಾಗಿತ್ತು’ ಕೂಡ ಅದೇ ಅಲ್ಲವೇ! ಅದನ್ನು ಹೇಳಿದೊಡನೆ ನರ್ಸಬಾಯಿಯ ಮುಖ ಕೆಂಪಾಯಿತು. “ಆ ಜ್ವರದ ಅಜ್ಜಿ...” ಎಂದು ಬಾಯಿಯ ಮೇಲೆ ಕೈಯಿಟ್ಟುಕೊಂಡರು. ಆಗ ಗೊತ್ತಾಯಿತು ನನಗೂ ನಡೆದದ್ದೇನೆಂದು. ಅವರ ಮೇಲಿದ್ದ ಸಿಟ್ಟು ಅಲ್ಲಿಗೇ ಇಳಿಯಿತು.

ಮರುದಿನವೇ ಅವರನ್ನು ಆಯಿಯ ಮನೆಗೆ ಕರೆದೊಯ್ದೆ. ಆಯಿ ಹೇಗೋ ಬದುಕಿಕೊಂಡಿದ್ದಳು, ಸಿಟ್ಟೂ ಬದುಕಿಕೊಂಡಿತ್ತು. ಮುಖ ತಿರುಗಿಸಿ ಕೂತಳು. ನರ್ಸಬಾಯಿ ಹೊಸ್ತಿಲ ಹೊರಗೇ ನಿಂತು, “ಆಯೀ, ಒಂದೀಟು ನೀರು ಬೇಕಾಗಿತ್ತುರಿ,” ಎಂದರು. ಆಯಿ ಅವರನ್ನು ಮೇಲಿಂದ ಕೆಳಗೆ ನೋಡಿದಳು. ಆಮೇಲೆ ನೀರು ಬಂತು, ನೀರಿನ ಜೊತೆ ಬೆಲ್ಲವೂ ಬಂತು. “ನರ್ಸಬಾಯಿಗಿ ಈಗ ಮಾತು ಬಂತು ನೋಡು,” ಎಂದು ಪಕ್ಕದ ಮನೆಯವಳಿಗೆ ಕೂಗಿ ಹೇಳಿದಳು.

ವಾರದೊಳಗೆ ದವಾಖಾನೆಯಲ್ಲಿ ಕಾಲಿಡಲು ಜಾಗವಿಲ್ಲ. ನಾನು ಬಾಗಿಲಲ್ಲಿ ನಿಂತು, “ಆರಾಮ ಅನಬ್ಯಾಡ್ರಿ, ಎಲ್ಲಿ ನೋವದ ಹೇಳ್ರಿ,” ಎಂದು ಎಲ್ಲರನ್ನೂ ದಬಾಯಿಸುತ್ತಿದ್ದೆ. ಅಂಥ ಹೆಮ್ಮೆ ನನಗೆ ಮತ್ತೆಂದೂ ಆಗಿಲ್ಲ.

ಆದರೆ ಅಪ್ಪ ತನ್ನ ಮಾತು ಮರೆತ. ಸುಗ್ಗಿ ಮುಗಿಯುತ್ತಿದ್ದಂತೆ ಒಂದು ಬೆಳಿಗ್ಗೆ ದವಾಖಾನೆಗೇ ಬಂದು, “ಬೀಗರು ಅವಸರ ಮಾಡಾಕತ್ತಾರ, ನಡಿ ಮನಿಗಿ,” ಎಂದ. ನರ್ಸಬಾಯಿಗೆ ನನ್ನ ಆಸೆ ಗೊತ್ತಿತ್ತು. ಕಲಬುರಗಿಯ ಆಸ್ಪತ್ರೆಯಲ್ಲಿ ನನಗಾಗಿ ಮಾತಾಡಿಯೂ ಬಂದಿದ್ದರು. ಅವರು ಕುರ್ಚಿಯಿಂದ ಎದ್ದು, ಸೆರಗು ಹೊದ್ದ ಅಷ್ಟು ಹೆಂಗಸರ ನಡುವೆ ಕೈಮುಗಿದು ಕೇಳಿದರು:

“ಯಜಮಾನ್ರೆ, ನಿಮ್ಮ ಮಗಳು ನಮಗ ಬೇಕಾಗಿತ್ತುರಿ.”

ಹೆಂಗಸರೆಲ್ಲ ಗೊಳ್ಳೆಂದು ನಕ್ಕರು. ಹೆಣ್ಣು ಕೇಳಲು ಬಂದ ಬೀಗರು ಆಡುವ ಮಾತು ಅಕ್ಷರಶಃ ಅದೇ. ಪಾಪ, ನರ್ಸಬಾಯಿಗೆ ಅದೆಲ್ಲಿ ಗೊತ್ತು? ಅವರು ಮುಗಿದ ಕೈ ಇಳಿಸದೆ ಉತ್ತರಕ್ಕೆ ಕಾದು ನಿಂತೇ ಇದ್ದರು.

ಅಪ್ಪ ಯಾರಿಗೂ ಬಗ್ಗುವ ಗಿರಾಕಿಯಲ್ಲ. ಆದರೆ ಹಾಗೆ ಕೈಮುಗಿದು ಹೆಣ್ಣು ಕೇಳಿದವರೆದುರು ಒರಟಾಗುವುದು ಅವನಿಗೂ ಬರಲಿಲ್ಲ. ರುಮಾಲು ಸರಿಮಾಡಿಕೊಂಡ, ಕೆಮ್ಮಿದ, “ಹುಡುಗಿ ಎಲ್ಲಿಗಿ ಹೋಗಬೇಕ್ರಿ?” ಎಂದ.

“ಕಲಬುರಗಿಗಿ. ನರ್ಸ್ ಆಗಲಿಕ್ಕೆ.”

ಅಪ್ಪ ನನ್ನ ಮುಖ ನೋಡಿದ. ಅಷ್ಟು ದಿನಗಳಲ್ಲಿ ಅವನು ನನ್ನನ್ನು ಸರಿಯಾಗಿ ನೋಡಿದ್ದು ಅಂದೇ. ನಾನು ಕಣ್ಣು ಕೆಳಗೆ ಹಾಕಲಿಲ್ಲ.

“ಕೊಟ್ಟೀನ್ರಿ,” ಎಂದ.

ಬೆಂಚಿನ ಮೇಲೆ ಕೂತಿದ್ದ ಮುದುಕಿಯೊಬ್ಬಳು ಥಟ್ಟನೆ ಎದ್ದಳು. “ನಾವೆಲ್ಲಾ ಕೇಳೀವಿ. ಇನ್ನ ಮಾತು ಹಿಂದ ತಗೊಳ್ಳಂಗಿಲ್ಲ. ಯಾರಾರ ಸಕ್ರಿ ತರ್ರಿ,” ಎಂದಳು.