ಪಾರಿವಾಳದ ಕತ್ತಿನ ಬಣ್ಣ

ಉಗುರಿಗೆ ಬಣ್ಣ ಹಚ್ಚುವ ಆ ಅಂಗಡಿಯಲ್ಲಿ ಅವಳನ್ನು ಎಲ್ಲರೂ ನಿಧಾನಕ್ಕ ಎಂದೇ ಕರೆಯುತ್ತಿದ್ದರು. ಹೆಸರಿಟ್ಟವಳು ನಾದಿನಿ. ಬೇರೆ ಅಂಗಡಿಗಳವರು ಇಬ್ಬರು ಗಿರಾಕಿಗಳನ್ನು ಎಬ್ಬಿಸಿ ಕಳಿಸುವಷ್ಟರಲ್ಲಿ ಇವಳು ಒಂದೇ ಕೈಯ ಮೂರನೆಯ ಬೆರಳಿಗೆ ಬಂದಿರುತ್ತಿದ್ದಳು. ನಮ್ಮ ಅತ್ತಿಗೆ ಹತ್ತಿರ ಕೂತರೆ ಹೆಬ್ಬೆರಳು ಮುಗಿಯುವ ಹೊತ್ತಿಗೆ ಕಿರುಬೆರಳಿನ ಉಗುರು ಮತ್ತೆ ಬೆಳೆದಿರುತ್ತದೆ ಎಂದು ನಾದಿನಿ ಗಿರಾಕಿಗಳನ್ನು ನಗಿಸುತ್ತಿದ್ದಳು. ನಿಧಾನಕ್ಕನೂ ನಗುತ್ತಿದ್ದಳು. ಅದರಲ್ಲಿ ಸುಳ್ಳೇನೂ ಇರಲಿಲ್ಲ.

ಆ ನಿಧಾನ ಅವಳಿಗೆ ತವರಿನ ಬಳುವಳಿ. ಅವಳ ಅಪ್ಪ ಗಾಡಿಗಳ ನಂಬರ್ ಪ್ಲೇಟ್ ಬರೆಯುತ್ತಿದ್ದ. ಶಾಲೆ ಮುಗಿಸಿ ಬಂದವಳು ಸಂಜೆಯ ತನಕ ಅವನ ಪಕ್ಕ ಕುಕ್ಕರಗಾಲಲ್ಲಿ ಕೂತು, ತಗಡಿನ ಮೇಲೆ ಎಂಟರ ಹೊಟ್ಟೆ ಒಂಬತ್ತರ ಬಾಲಗಳನ್ನು ತುಂಬುತ್ತಿದ್ದಳು. ಊರಿನ ಅರ್ಧ ಗಾಡಿಗಳು ಅವಳ ಕೈಬರಹ ಹೊತ್ತುಕೊಂಡು ಓಡಾಡಿದವು. ಇದನ್ನು ಬರೆದವಳು ಯಾರೆಂದು ಯಾರೂ ಕೇಳಲಿಲ್ಲ. ನಂಬರ್ ಪ್ಲೇಟಿನ ಮೂಲೆಯಲ್ಲಿ ಯಾರಾದರೂ ಸಹಿ ಹಾಕುತ್ತಾರೆಯೇ? ಆಮೇಲೆ ಯಂತ್ರದಲ್ಲಿ ಅಚ್ಚೊತ್ತಿದ ಪ್ಲೇಟುಗಳು ಬಂದವು. ಅಪ್ಪ ಕುಂಚಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು, ಬಟ್ಟೆಯಲ್ಲಿ ಸುತ್ತಿಟ್ಟ. ಆ ವರ್ಷವೇ ಅವಳ ಮದುವೆಯಾಯಿತು.

ಗಂಡನ ಮನೆಯಲ್ಲಿ ಅವಳಿಗೆ ಮೊದಲು ಹತ್ತಿರವಾದವಳು ನಾದಿನಿಯೇ. ಎಂಟು ವರ್ಷ ಚಿಕ್ಕವಳು, ಅರಳು ಹುರಿದಂತೆ ಮಾತು. ಅವಳ ಪರೀಕ್ಷೆಗಳಿಗೆ ಇವಳು ಜೊತೆಗೆ ಎದ್ದು ಕೂತಿದ್ದಳು. ಅವಳ ಜ್ವರಕ್ಕೆ ಒದ್ದೆ ಬಟ್ಟೆ ಹಾಕಿದ್ದಳು. ಆ ಹುಡುಗಿ ಮುಂದೆ ಕೂದಲು ಕತ್ತರಿಸುವುದು ಕಲಿತು, ಕನ್ನಡಕದ ಅಂಗಡಿಯ ಮೇಲಿನ ಮಹಡಿಯಲ್ಲಿ ಒಂದು ಕೋಣೆ ಹಿಡಿದಾಗ, ಅತ್ತಿಗೆಯನ್ನೂ ಕೈಹಿಡಿದು ಕರೆದೊಯ್ದಳು. ಮನೆಯಲ್ಲಿ ಕೂತು ಏನು ಮಾಡ್ತೀರಿ, ಇಷ್ಟು ಸ್ಥಿರವಾದ ಕೈ ಇಟ್ಟುಕೊಂಡು, ಎಂದಿದ್ದಳು. ಆ ಮಾತನ್ನು ನಿಧಾನಕ್ಕ ಮರೆತಿರಲಿಲ್ಲ. ಮರೆತಿದ್ದರೆ ಮುಂದಿನದು ಇಷ್ಟು ಸುಡುತ್ತಿರಲಿಲ್ಲವೇನೋ.

ಕೋಣೆಯಲ್ಲಿ ಕೂದಲು ನಾದಿನಿಯದು, ಉಗುರು ಇವಳದು. ಉಗುರಿನಲ್ಲೂ ಇವಳಿಗೆ ಜೀವ ಅಂದರೆ ಆಯಸ್ಕಾಂತದ ಜೆಲ್. ಆ ಜೆಲ್ಲಿನೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಕಬ್ಬಿಣದ ಪುಡಿ ಇರುತ್ತದೆ, ಪುಡಿಗೆ ಬಣ್ಣ ಬದಲಿಸುವ ಹೊಳಪು ಇರುತ್ತದೆ. ಕಪ್ಪು ಬಳಿದು ಒಣಗಿಸಿದ ಉಗುರಿನ ಮೇಲೆ ಅದನ್ನು ಹಚ್ಚಿ, ಪಕ್ಕದಲ್ಲಿ ಬೆರಳುದ್ದದ ಆಯಸ್ಕಾಂತ ಹಿಡಿದರೆ, ಹರಡಿದ್ದ ಬೆಳಕೆಲ್ಲ ಓಡಿಬಂದು ಒಂದು ಗೆರೆಯಾಗಿ ನಿಲ್ಲುತ್ತದೆ, ಬೆಕ್ಕಿನ ಕಣ್ಣಿನ ಹಾಗೆ. ತಕ್ಷಣ ಯು.ವಿ. ದೀಪದ ಕೆಳಗಿಟ್ಟು ಗಟ್ಟಿ ಮಾಡಬೇಕು. ತಡವಾದರೆ ಗೆರೆ ಕರಗಿಹೋಗುತ್ತದೆ. ಎಲ್ಲರೂ ಹಾಗೆಯೇ ಮಾಡುತ್ತಿದ್ದರು, ಅವಳೂ ಕೂಡ.

ಒಂದು ಮಧ್ಯಾಹ್ನ ತನ್ನದೇ ಉಗುರಿಗೆ ಗೆರೆ ಎಳೆದು ಬೆರಳನ್ನು ದೀಪಕ್ಕೆ ಒಯ್ಯುವಾಗ ಕರೆಂಟು ಹೋಯಿತು. ಮಾಡುವುದೇನೂ ಇಲ್ಲದೆ ಅವಳು ಆ ಬೆರಳನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತ ಕೂತಳು. ಬಿಗಿಯಾದ ಗೆರೆ ಮೆಲ್ಲಗೆ ಸಡಿಲವಾಯಿತು. ಹಸಿರು ಅಂಚಿನತ್ತ ನಡೆದು ನೇರಳೆಯಾಯಿತು, ನೇರಳೆಯೊಳಗೆ ಒಂದು ತಾಮ್ರದ ನೆರಳು ಎದ್ದಿತು. ಒಂದೇ ಒಂದು ಗಳಿಗೆ ಉಗುರು ಮಕಮಲ್ಲಿನ ಹಾಗೆ ಮೃದುವಾಗಿ, ಒಳಗಿನಿಂದ ಉಸಿರಾಡಿದಂತೆ ಕಂಡಿತು. ಮರುಗಳಿಗೆ ಎಲ್ಲ ಚದುರಿ ಮಣ್ಣು ಮಣ್ಣಾಯಿತು.

ಆ ಗಳಿಗೆಯನ್ನು ಹಿಡಿಯಲು ಅವಳಿಗೆ ಏಳು ತಿಂಗಳು ಬೇಕಾಯಿತು. ಎಳೆಯುವುದು, ಬಿಡುವುದು, ಕಾಯುವುದು, ಸರಿಯಾದ ಹೊತ್ತಿಗೆ ಬ್ಯಾಟರಿಯ ಸಣ್ಣ ದೀಪ ಒತ್ತುವುದು. ಎಣಿಸಿದರೆ ಸಿಗುತ್ತಿರಲಿಲ್ಲ. ಬಿಸಿ ಕೈಯಲ್ಲಿ ಬೇಗ, ತಣ್ಣನೆಯ ಕೈಯಲ್ಲಿ ತಡ. ಹೆಬ್ಬೆರಳಿಗೆ ಒಂದು ಲೆಕ್ಕ, ಕಿರುಬೆರಳಿಗೆ ಇನ್ನೊಂದು. ತನ್ನದೇ ಉಗುರುಗಳ ಮೇಲೆ ಹಚ್ಚಿ ತೆಗೆದು, ಹಚ್ಚಿ ತೆಗೆದು, ಉಗುರುಗಳು ಕಾಗದದಂತೆ ತೆಳುವಾದವು. ಕೊನೆಗೆ ಹತ್ತೂ ಬೆರಳಿಗೆ ಬಂದ ದಿನ ನಾದಿನಿ ಕತ್ತರಿ ಕೆಳಗಿಟ್ಟು ಓಡಿಬಂದು, ಅತ್ತಿಗೆಯ ಕೈಗಳನ್ನು ತಿರುಗಿಸಿ ತಿರುಗಿಸಿ ನೋಡಿ, ಇದಕ್ಕೆ ಏನು ಹೆಸರು ಎಂದು ಕೇಳಿದಳು. ಕಿಟಕಿಯ ಹೊರಗಿನ ಕಟ್ಟೆಯ ಮೇಲೆ ಪಾರಿವಾಳಗಳು ಕತ್ತು ಕೊಂಕಿಸಿ ನಡೆಯುತ್ತಿದ್ದವು. "ಅದರ ಕತ್ತು ನೋಡು," ಎಂದಳು ನಿಧಾನಕ್ಕ. ಅಲ್ಲಿಂದ ಅದು ಪಾರಿವಾಳವಾಯಿತು.

ನೆನಪಿಗಿರಲಿ ಎಂದು ನಾದಿನಿ ಫೋನು ಹಿಡಿದು, ಅತ್ತಿಗೆ ಇನ್ನೊಮ್ಮೆ ಮಾಡುವಾಗ ಕೈಗಳ ವಿಡಿಯೋ ಮಾಡಿಕೊಂಡಳು. ಮುಖ ಬೇಡ, ಕೈ ಸಾಕು ಎಂದವಳು ನಿಧಾನಕ್ಕನೇ. ಕ್ಯಾಮೆರಾ ಕಂಡರೆ ಅವಳ ಮುಖ ಮರಗಟ್ಟುತ್ತಿತ್ತು.

ಎರಡು ತಿಂಗಳ ಮೇಲೆ, ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಚೀಟಿ ಬರೆಯುವ ಹುಡುಗಿಯೊಬ್ಬಳು ಬಂದು ಕೂತು, ಫೋನು ತೋರಿಸಿದಳು. ನಾದಿನಿ ಅಂದು ಮದುಮಗಳೊಬ್ಬಳ ಜಡೆ ಹಾಕಲು ಹೊರಗೆ ಹೋಗಿದ್ದಳು.

"ನಂಗೆ ಇದೇ ಬೇಕು. ಈಯಮ್ಮನ ಡಿಸೈನು. ನೀವು ಇವರಷ್ಟು ಚೆನ್ನಾಗಿ ಮಾಡ್ತೀರಾ?"

ನಿಧಾನಕ್ಕ ನೋಡಿದಳು. ಪರದೆಯ ಮೇಲೆ ತನ್ನ ಕೈಗಳು ಕೆಲಸ ಮಾಡುತ್ತಿದ್ದವು. ಮಾತು ಮಾತ್ರ ನಾದಿನಿಯದು. ನಾನು ಕಂಡುಹಿಡಿದದ್ದು, ಏಳು ತಿಂಗಳು ನಿದ್ದೆಗೆಟ್ಟೆ, ಇದರ ಹೆಸರು ಪಾರಿವಾಳ, ಎಂದು ಆ ದನಿ ನಗುನಗುತ್ತ ಹೇಳುತ್ತಿತ್ತು. ಜೆಲ್ ತಯಾರಿಸುವ ಕಂಪನಿಯೊಂದು ಹೊಸ ಡಿಸೈನುಗಳ ಸ್ಪರ್ಧೆ ಇಟ್ಟಿತ್ತಂತೆ. ಗೆದ್ದ ಡಿಸೈನು, ಮಾಡಿದವರ ಹೆಸರಿನ ಸಮೇತ, ಕಂಪನಿಯ ಪುಸ್ತಕದಲ್ಲಿ ಅಚ್ಚಾಗುತ್ತದೆ. ಮಾಡಿದವರು ಊರೂರಿಗೆ ಹೋಗಿ ಕಲಿಸುವ ಶಿಕ್ಷಕಿಯಾಗುತ್ತಾರೆ. ಕೊನೆಯ ಸುತ್ತಿಗೆ ಆರು ಜನರಂತೆ, ಅದರಲ್ಲಿ ಈಯಮ್ಮನೂ ಒಬ್ಬಳಂತೆ. ಎಲ್ಲ ಆ ಹುಡುಗಿಯೇ ಹೇಳಿದಳು.

ನಿಧಾನಕ್ಕ ಹತ್ತೂ ಬೆರಳಿಗೆ ಪಾರಿವಾಳ ಬರೆದಳು. ಹುಡುಗಿ ತನ್ನ ಉಗುರನ್ನೂ ಪರದೆಯ ಉಗುರನ್ನೂ ಪಕ್ಕಪಕ್ಕ ಹಿಡಿದು ನೋಡಿ, ಹೆಚ್ಚೂಕಡಿಮೆ ಹಾಗೇ ಬಂದಿದೆ ಎಂದು ಮೆಚ್ಚಿಕೊಂಡಳು. ಬಾಗಿಲ ಹತ್ತಿರ ನಿಂತು, "ಆದ್ರೂ ಅವರ ಕೈಯೇ ಬೇರೆ ಬಿಡಿ," ಎಂದು ಮೆಟ್ಟಿಲಿಳಿದಳು.

ಸಂಜೆ ಮನೆಯಲ್ಲಿ ನಿಧಾನಕ್ಕ ಕೇಳಿದ್ದು ಒಂದೇ ಪ್ರಶ್ನೆ: ಯಾಕೆ? ನಾದಿನಿ ತಲೆ ತಗ್ಗಿಸಲಿಲ್ಲ, ಅದೇ ಸೋಜಿಗ. ವಿಡಿಯೋ ಕಳಿಸುವಾಗ ಮಾತಾಡುವವರು ಬೇಕಿತ್ತು, ನಿಮಗೆ ನಾಲ್ಕು ಜನರೆದುರು ನಾಲಿಗೆ ಹೊರಳುವುದಿಲ್ಲ, ನಾನು ಕಳಿಸದಿದ್ದರೆ ನಿಮ್ಮ ಪಾರಿವಾಳ ಆ ಕೋಣೆಯಲ್ಲೇ ಮೊಟ್ಟೆ ಇಟ್ಟುಕೊಂಡು ಇರುತ್ತಿತ್ತು, ಎಂದಳು. ಯಾರ ಹೆಸರಾದರೇನು, ಬರುವ ಕೀರ್ತಿ ಮನೆಗೇ ತಾನೇ ಎಂದು ಅತ್ತೆ ಅಡುಗೆಮನೆಯಿಂದಲೇ ತೀರ್ಪು ಕೊಟ್ಟರು. ನಿಧಾನಕ್ಕ ಗಂಡನ ಕಡೆ ನೋಡಿದಳು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವ ಜಾತಿ ಅವನದು. ಅವನು ಚಪ್ಪಲಿಯ ಬಾರನ್ನು ಪರೀಕ್ಷಿಸುತ್ತ ಕೂತಿದ್ದ.

"ನಿಮಗೆ ಗೊತ್ತಿತ್ತಾ?"

"ಅರ್ಜಿ ತುಂಬ್ಕೊಟ್ಟೆ ಅಷ್ಟೇ," ಎಂದ. "ಅವಳಿಗಿನ್ನೂ ವಯಸ್ಸಿದೆ. ನೀನು ದೊಡ್ಡವಳು."

ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತಾರೆ. ಕೈ ಒಬ್ಬರದು, ಬಾಯಿ ಇನ್ನೊಬ್ಬರದು ಆಗಬಹುದೆಂದು ಗಾದೆ ಮಾಡಿದವರಿಗೆ ಹೊಳೆದಿರಲಿಲ್ಲ. ಅವಳು ನಾದಿನಿಯನ್ನು ಕ್ಷಮಿಸಿದರೂ ಕ್ಷಮಿಸುತ್ತಿದ್ದಳೇನೋ. ಆ 'ಅಷ್ಟೇ' ಎಂಬ ಮಾತು ಮಾತ್ರ ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಸಿಕ್ಕಿಕೊಂಡಿತು.

ಹತ್ತು ದಿನಗಳಾದ ಮೇಲೆ ನಾದಿನಿ ತಾನಾಗಿ ಬಂದು ಪಕ್ಕದಲ್ಲಿ ಕೂತಳು. ಕೊನೆಯ ಸುತ್ತಿನಲ್ಲಿ ಎಲ್ಲರೆದುರು ಮಾಡಿ ತೋರಿಸಬೇಕಿತ್ತು, ಅವಳಿಗೆ ಬರುತ್ತಿರಲಿಲ್ಲ. ವಿಡಿಯೋ ಚುಟುಕಾಗಲಿ ಎಂದು ಕಾಯುವ ಹೊತ್ತನ್ನೆಲ್ಲ ತಾನೇ ಕತ್ತರಿಸಿ ಎಸೆದಿದ್ದಳು. ಅವಳ ಪ್ರಕಾರ ಅಲ್ಲಿ ಏನೂ ನಡೆಯುತ್ತಿರಲಿಲ್ಲ. ಈಗ ಅವಳು ಮಾಡಿದ್ದೆಲ್ಲ ಒಂದೋ ಚಾಕುವಿನಂಥ ಗೆರೆ, ಇಲ್ಲವೇ ರಾಡಿ.

"ಎಷ್ಟು ಹೊತ್ತು ಬಿಡ್ಬೇಕು ಅತ್ತಿಗೆ? ಹತ್ತು ಎಣಿಸ್ಲಾ, ಹನ್ನೆರಡಾ?"

ಇಪ್ಪತ್ತು ಎಂದುಬಿಡಲು ನಿಧಾನಕ್ಕನ ನಾಲಿಗೆ ತುರಿಸಿತು. ಆದರೆ ಅವಳು ನಿಜವನ್ನೇ ಹೇಳಿದಳು: "ಎಣಿಸೋದಲ್ಲ. ನೋಡ್ತಾ ಇರ್ಬೇಕು."

ಎರಡು ದಿನ ನೋಡಿದಳು ನಾದಿನಿ. ಕಾಣಲಿಲ್ಲ. ಆಗ ಅವಳ ಚುರುಕು ಬುದ್ಧಿಗೆ ಒಂದು ದಾರಿ ಹೊಳೆಯಿತು. ಅತ್ತಿಗೆ ಮಾಡೆಲ್ ಆಗಿ ಎದುರು ಕೂತು ಕೈ ಕೊಡಬೇಕು. ಪ್ರತಿ ಬೆರಳಿಗೂ ಸಮಯ ಬಂದಾಗ ಮೇಜಿನ ಕೆಳಗೆ ಕಾಲು ತಟ್ಟಬೇಕು. "ಒಂದೇ ಒಂದು ಸಲ. ವೇದಿಕೆ ಮೇಲೆ ನಿಂತು ನಾನೇ ಹೇಳ್ತೀನಿ, ಇದನ್ನ ಕಂಡುಹಿಡಿದಿದ್ದು ನಮ್ಮ ಅತ್ತಿಗೆ ಅಂತ. ನನ್ನಾಣೆ."

ಆಣೆ ಇಟ್ಟ ಆ ಮುಖದಲ್ಲಿ ನಿಧಾನಕ್ಕನಿಗೆ ಜ್ವರದ ಹುಡುಗಿ ಕಂಡಳು. ಒಪ್ಪಿಕೊಂಡಳು. ತನ್ನ ಹೆಸರು ಒಂದು ಸಲ, ನಾಲ್ಕು ಜನರ ಕಿವಿಗೆ ಬಿದ್ದರೆ ಸಾಕು ಎನ್ನಿಸಿತ್ತು.

ಹೋಟೆಲಿನ ಸಭಾಂಗಣದಲ್ಲಿ ಆರು ಮೇಜು, ನೆಲದವರೆಗೂ ಇಳಿಬಿಟ್ಟ ಬಿಳಿ ಬಟ್ಟೆ. ಕಂಪನಿಯ ಮೇಡಂ, ಕತ್ತಿಗೆ ಗುರುತಿನ ಚೀಟಿಯ, ಅಳತೆಪಟ್ಟಿಯಂಥ ರಿಬ್ಬನ್ನು ಹಾಕಿಕೊಂಡು, ಮೇಜಿನಿಂದ ಮೇಜಿಗೆ ಬರುತ್ತಿದ್ದರು. ನಾದಿನಿ ಎಳೆದಳು, ಬಿಟ್ಟಳು, ನಿಧಾನಕ್ಕ ತನ್ನ ಬೆರಳನ್ನೇ ನೋಡುತ್ತ, ಮಕಮಲ್ಲು ಅರಳಿದ ಗಳಿಗೆಗೆ ಕಾಲು ತಟ್ಟಿದಳು, ದೀಪ ಹೊತ್ತಿಕೊಂಡಿತು. ಒಂದು, ಎರಡು, ಐದು. ಎಂಟನೆಯ ಬೆರಳಿಗೆ ಸುತ್ತ ಜನ ಸೇರಿದ್ದರು. ಒಂಬತ್ತನೆಯದು ಮುಗಿದಾಗ ಮೇಡಂ, ಇದು ಹೇಗೆ ಹೊಳೆಯಿತು ನಿಮಗೆ ಎಂದು ಕೇಳಿದರು.

ನಿಧಾನಕ್ಕ ತಲೆಯೆತ್ತಿದಳು. ನಾದಿನಿಯೂ ಒಂದು ಕ್ಷಣ ಅವಳನ್ನೇ ನೋಡಿದಳು. ಆಮೇಲೆ ಮೇಡಂ ಕಡೆ ತಿರುಗಿ ಕತೆ ಶುರುಮಾಡಿದಳು. ಒಂದು ಮಧ್ಯಾಹ್ನ ಕರೆಂಟು ಹೋಯಿತಂತೆ, ಬೆರಳನ್ನು ಕಿಟಕಿಗೆ ಹಿಡಿದಳಂತೆ, ಕಟ್ಟೆಯ ಮೇಲೆ ಪಾರಿವಾಳಗಳಿದ್ದವಂತೆ. ಒಂದು ಅಕ್ಷರವೂ ತಪ್ಪಿರಲಿಲ್ಲ. ಕತೆಯಲ್ಲಿ ಎಲ್ಲವೂ ಇತ್ತು, ಅತ್ತಿಗೆಯೊಬ್ಬಳನ್ನು ಬಿಟ್ಟು.

ಉಳಿದದ್ದು ಎಡಗೈಯ ಹೆಬ್ಬೆರಳು. ನಾದಿನಿ ಗೆರೆ ಎಳೆದು, ಬಿಟ್ಟು, ಕಾದಳು. ಮಕಮಲ್ಲು ಅರಳಿತು. ನಿಧಾನಕ್ಕನ ಕಾಲು ನೆಲಕ್ಕೆ ಬೇರುಬಿಟ್ಟಂತೆ ಕದಲಲಿಲ್ಲ. ನಾದಿನಿ ಮೇಜಿನ ಕೆಳಗೆ ತನ್ನ ಕಾಲಿನಿಂದ ಅವಳ ಕಾಲನ್ನು ಹುಡುಕಿ ಒತ್ತಿದಳು. ಅಷ್ಟರಲ್ಲಿ ಹಸಿರು ಹೋಗಿ, ನೇರಳೆ ಹೋಗಿ, ಉಗುರು ಕೊಚ್ಚೆಯಾಗಿತ್ತು.

ಏನಾಯ್ತು ಎಂದರು ಮೇಡಂ.

"ಮಾಡೆಲ್ ಕೈ ಅಲ್ಲಾಡಿಸಿಬಿಟ್ರು ಮೇಡಂ."

ಅತ್ತಿಗೆ ಎಂದು ಕೂಡ ಅನ್ನಲಿಲ್ಲ. ನಿಧಾನಕ್ಕ ಒಣಗಿದ್ದ ತನ್ನ ಬಲಗೈಯಿಂದ ಆಯಸ್ಕಾಂತ ಎತ್ತಿಕೊಂಡಳು. ದೀಪ ತಾಗದ ತನಕ ಜೆಲ್ ಎಷ್ಟು ಸಲ ಕರೆದರೂ ಬರುತ್ತದೆ. ಚದುರಿದ್ದನ್ನೆಲ್ಲ ಕರೆದು ಗೆರೆಯಾಗಿಸಿದಳು, ಬಿಟ್ಟಳು, ನೋಡಿದಳು, ದೀಪ ಒತ್ತಿದಳು. ಉಳಿದ ಒಂಬತ್ತನ್ನೂ ಮಂಕು ಮಾಡುವಂಥ ಪಾರಿವಾಳ ಆ ಹೆಬ್ಬೆರಳಿನ ಮೇಲೆ ಕತ್ತು ತಿರುಗಿಸಿತು. ಇನ್ನು ಹೇಳಬೇಕಾದ್ದು ಏನಿದೆ ಎಂದುಕೊಂಡಳು. ಕಣ್ಣಿದ್ದವರಿಗೆ ಸಾಕು.

ಮೇಡಂ ಬಾಯಿ ತೆರೆದು ನೋಡುತ್ತ ನಿಂತವರು, ಖುಷಿಯಿಂದ ನಾದಿನಿಯ ಭುಜ ಹಿಡಿದರು. "ಮಾಡೆಲ್‌ಗೇ ಇಷ್ಟು ಚೆನ್ನಾಗಿ ಕಲಿಸಿದೀರಲ್ಲ. ನಮಗೆ ಬೇಕಾಗಿರೋದು ಇಂಥ ಟೀಚರೇ."

ನಾದಿನಿಯ ತುಟಿ ಅಲುಗಿತು. ಈಗಲಾದರೂ ಹೇಳುತ್ತಾಳೆ ಎಂದು ನಿಧಾನಕ್ಕ ಕಾದಳು. ಕಾಯುವುದರಲ್ಲಿ ಅವಳನ್ನು ಮೀರಿಸುವವರಿಲ್ಲ. ನಾದಿನಿ ಕೈಮುಗಿದು, ಥ್ಯಾಂಕ್ಸ್ ಮೇಡಂ ಎಂದಳು.

ಫೋಟೋ ತೆಗೆಯುವವನು ಬಂದ. ನಾದಿನಿಯನ್ನು ನೆಟ್ಟಗೆ ಕೂರಿಸಿ, ದೀಪ ಸರಿಮಾಡಿ, ನಿಧಾನಕ್ಕನಿಗೆ ಸ್ವಲ್ಪ ಹಿಂದೆ ಸರಿಯಲು ಹೇಳಿದ. ನೀವು ಬೇಡ, ಕೈ ಮಾತ್ರ ಅವರ ಮುಖದ ಹತ್ತಿರ ಬರಲಿ ಎಂದ.

ನಿಧಾನಕ್ಕ ಎರಡೂ ಕೈಗಳನ್ನು ಮೇಜಿನಿಂದ ತೆಗೆದು ಮಡಿಲಲ್ಲಿ ಇಟ್ಟುಕೊಂಡಳು.

"ಕೈ ಇಡಿ ಅತ್ತಿಗೆ," ಎಂದಳು ನಾದಿನಿ, ಹಲ್ಲು ಬಿಗಿಹಿಡಿದ ನಗುವಿನಲ್ಲಿ. "ಎಲ್ಲರೂ ನೋಡ್ತಿದಾರೆ."

"ನೋಡ್ಲಿ. ನಿನ್ನ ಮುಖದ ಜೊತೆ ನನ್ನ ಕೈ ಇನ್ನು ಬರಲ್ಲ ಕಣೇ."

ಅಷ್ಟು ಹೇಳಿ ಎದ್ದು, ಮೆಟ್ಟಿಲಿಳಿದು, ಬಸ್ಸು ಹತ್ತಿದಳು. ಕಿಟಕಿಯ ಪಕ್ಕ ಕೂತಾಗ ಬಿಸಿಲು ಉಗುರುಗಳ ಮೇಲೆ ಬಿದ್ದು ಬಣ್ಣ ತಿರುಗಿತು. ಸೆರಗಿನಲ್ಲಿ ಕೈ ಮುಚ್ಚಿಕೊಂಡಳು. ಅಳು ಬಂತು. ಡಿಸೈನು ಹೋದದ್ದಕ್ಕಲ್ಲ. ಆ ಹುಡುಗಿಯನ್ನು ತಾನು ಎಂಟು ವರ್ಷಗಳಿಂದ ದಿನವೂ ನೋಡುತ್ತ ಬಂದಿದ್ದಳು, ಆದರೂ ಕಂಡಿರಲಿಲ್ಲ.

ಕಂಪನಿ ನಾದಿನಿಯನ್ನೇ ಆರಿಸಿತು. ಮನೆಯಲ್ಲಿ ಮೂರು ದಿನ ಯಾರೂ ನಿಧಾನಕ್ಕನ ಜೊತೆ ಮಾತಾಡಲಿಲ್ಲ. ಎಲ್ಲರೆದುರು ಮಾನ ಕಳೆದಳೆಂದು ಸಿಟ್ಟು. ಗಂಡ ಮಾತ್ರ ಒಮ್ಮೆ, ಹೋಗಲಿ ಬಿಡು ಎಂದ. ಹೋಯಿತಲ್ಲ, ಇನ್ನೇನು ಬಿಡುವುದು ಎಂದಳು.

ನಾಲ್ಕನೆಯ ಬೆಳಿಗ್ಗೆ ಅಂಗಡಿಯ ಬಾಗಿಲು ತೆರೆದು, ಹತ್ತಿಯನ್ನು ಬಣ್ಣ ಕರಗಿಸುವ ಅಸಿಟೋನಿನಲ್ಲಿ ಅದ್ದಿ, ಬೆರಳುಗಳಿಗೆ ಸುತ್ತಿಕೊಂಡು ಕೂತಳು. ನಾದಿನಿಯ ಕೈಯಿಂದ ಬಂದ ಒಂಬತ್ತೂ ಮೆತ್ತಗಾಗಿ, ಕಡ್ಡಿ ತಾಗಿಸಿದರೆ ಪೊರೆ ಪೊರೆಯಾಗಿ ಎದ್ದುಬಂದವು. ಹೆಬ್ಬೆರಳಿಗೆ ಹತ್ತಿ ಸುತ್ತುವಷ್ಟರಲ್ಲಿ ಮೊದಲ ಗಿರಾಕಿ ಮೆಟ್ಟಿಲು ಹತ್ತಿ ಬಂದಳು, ತರಕಾರಿ ಚೀಲ ಹಿಡಿದ ನಡುವಯಸ್ಸಿನ ಹೆಂಗಸು. ಕೂತು, ಚೀಲ ಕಾಲ ಬಳಿ ಇಟ್ಟು, ಬೋಳು ಉಗುರುಗಳ ನಡುವೆ ಹೊಳೆಯುವ ಆ ಒಂದನ್ನು ನೋಡಿದಳು.

"ಇದು ಯಾರು ಮಾಡಿದ್ದು?"

ನಿಧಾನಕ್ಕ ಹತ್ತಿಯನ್ನು ಪಕ್ಕಕ್ಕಿಟ್ಟಳು.

"ನಾನು," ಎಂದಳು.

ಹೆಂಗಸು ಹೌದಾ ಎಂದು, ತನಗೆ ಸಾದಾ ಕೆಂಪು ಸಾಕು, ಬೇಗ ಮುಗಿಸಬೇಕು ಎಂದು ಕೈ ಚಾಚಿದಳು. ಬೇಗ ಆಗುವುದಿಲ್ಲ ಎಂದು ಹೇಳಿ ನಿಧಾನಕ್ಕ ಉಗುರು ಉಜ್ಜುವ ಅರ ಎತ್ತಿಕೊಂಡಳು.